ಎಡಗೈ ಕೆಳಗೆ: ನನ್ನ ಪಟಿಂಗ್ ಕೊನೆಗೂ ಕುದುರಿದ ಬಗೆ

ಗಾಲ್ಫ್‌ನಲ್ಲಿ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತವಾದ ಪಟ್ಟನ್ನು, ಕೋಲಿನ ಮೇಲೆ ಎಡಗೈಯನ್ನು ಬಲಗೈಗಿಂತ ಕೆಳಗಿಟ್ಟು, ಚೆಂಡಿನ ಬದಲು ಕುಳಿಯನ್ನೇ ನೋಡುತ್ತ ಹೊಡೆಯುತ್ತೇನೆ ಎಂದಾಗ, "ಸರ್, ಬದಲಿಸಬೇಕಾದುದು ಹಿಡಿತವಲ್ಲ, ನಿಮ್ಮ ಕನ್ನಡಕ" ಎಂದು ಜೊತೆಯವರು ನಕ್ಕಿದ್ದರು. ಅಮೆರಿಕದ ಗಾಲ್ಫ್ ಆಟಗಾರ ಜೋರ್ಡನ್ ಸ್ಪೀತ್ ಗಿಡ್ಡ ಪಟ್‌ಗಳನ್ನು ಹೀಗೆ ಹೊಡೆದಿದ್ದಾರೆಂದು ಹೇಳಿದರೂ ಯಾರೂ ಒಪ್ಪಲಿಲ್ಲ. ಈಗ ಐದಡಿಯೊಳಗೆ ನನ್ನ ಚೆಂಡು ನಿಂತರೆ ನಾನು ಹೊಡೆಯುವುದನ್ನೂ ಕಾಯದೆ ಅವರೇ ಮುಂದಿನ ಟೀ ಕಡೆಗೆ, ಅಂದರೆ ಮುಂದಿನ ಕುಳಿಯ ಆಟ ಶುರುವಾಗುವಲ್ಲಿಗೆ, ಹೊರಡುತ್ತಾರೆ.

ನಾನು ಬಳ್ಳಾರಿಯವನು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಲುಕಾಡಿ ಬೆಂಗಳೂರು ತಲುಪಿ, ಮೂರಡಿಯ ಪಟ್ ತಪ್ಪಿಸಿಕೊಂಡು ಹಿಂದಿರುಗುವುದು ನಾಲ್ಕು ವರ್ಷ ನಡೆಯಿತು. ಹದಿನೆಂಟು ಕುಳಿಗಳಿಗೆ ನಲವತ್ತರ ಆಸುಪಾಸು ಪಟ್‌ಗಳಾಗುತ್ತಿದ್ದವು. ತಪ್ಪು ಬಲ ಮಣಿಕಟ್ಟಿನದು. ಹೊಡೆಯುವ ಗಳಿಗೆಯಲ್ಲಿ ಅದು ತಿರುಗಿಬಿಡುತ್ತಿತ್ತು. ಹತ್ತಡಿಯಲ್ಲಿ ಒಂದು ಡಿಗ್ರಿ ತಪ್ಪಿದರೆ ಚೆಂಡು ಸುಮಾರು ಎರಡು ಅಂಗುಲ ಪಕ್ಕಕ್ಕೆ ಸರಿಯುತ್ತದೆ, ಕುಳಿಯ ಅಗಲವೋ ನಾಲ್ಕೂಕಾಲು ಅಂಗುಲ.

ಇದು ತಿಳಿಯುವ ಮೊದಲು ದುಡ್ಡು ಸುರಿದಿದ್ದೆ. ಇಪ್ಪತ್ತೆರಡು ಸಾವಿರದ ಮ್ಯಾಲೆಟ್ ಪಟರ್ (ದಪ್ಪ ತಲೆಯ, ಪಟ್ ಹೊಡೆಯುವ ಕೋಲು) ವರ್ಷದೊಳಗೆ ಎಂಟೊಂಬತ್ತು ಸಾವಿರಕ್ಕೆ ಹೋಯಿತು. ಬಳಿಕ ಸೆಕೆಂಡ್‌ಹ್ಯಾಂಡ್‌ನಲ್ಲಿ ಉದ್ದನೆಯ ಪಟರ್ ತಂದು, ಅದರ ತುದಿಯನ್ನು ಎದೆಗೆ ಒತ್ತಿ ಚೆನ್ನಾಗಿಯೇ ಹೊಡೆಯುತ್ತಿದ್ದೆ. ಹಾಗೆ ಮೈಗೆ ಆನಿಸಿ ಹೊಡೆಯುವುದು 2016ರ ಜನವರಿಯಿಂದಲೇ ನಿಷಿದ್ಧವೆಂದು ಸ್ಕೋರ್‌ಕಾರ್ಡ್ ಬರೆಯುತ್ತಿದ್ದವರು ಹೇಳಿದಾಗ ತಲೆ ತಗ್ಗಿಸಬೇಕಾಯಿತು. ಹನ್ನೊಂದು ಸಾವಿರ ಕೊಟ್ಟು ತಂದ ಆ ಪಟರ್ ಈಗ ಅಟ್ಟದ ಮೇಲಿದೆ.

ಕೈಹಿಡಿದದ್ದು ನಮ್ಮೂರಿನ ಕಲ್ಲು. ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಮೂಲೆ ಒಡೆದು ಬದಿಗೆ ಬಿದ್ದಿದ್ದ ಒಂಬತ್ತಡಿಯ ಚಪ್ಪಡಿಯನ್ನು, ಸಾಗಾಟ ಸೇರಿ ಮೂರು ಸಾವಿರದ ಚಿಲ್ಲರೆಗೆ ತಂದು, ಮೇಸ್ತ್ರಿಯಿಂದ ರಸಮಟ್ಟ ಹಿಡಿಸಿ ಹಿತ್ತಲ ಪಡಸಾಲೆಯಲ್ಲಿ ಕೂರಿಸಿದೆ. ಮೇಲೆ ತೆಳ್ಳನೆಯ ಜಮಖಾನ. ಎರಡು ಚೆಂಡುಗಳನ್ನು ಅಕ್ಕಪಕ್ಕ ಒಂದಕ್ಕೊಂದು ತಾಗಿಸಿಟ್ಟು ಒಟ್ಟಿಗೆ ಹೊಡೆದಾಗ ಎರಡೂ ಜೊತೆಜೊತೆಯಾಗಿ ಉರುಳಿದರೆ ಪಟರಿನ ಮುಖ ನೇರವಿದೆ ಎಂದರ್ಥ, ಒಂದು ಮುಂದೋಡಿದರೆ ಕೈ ತಿರುಗಿದೆ. ಬಲಗೈ ಕೆಳಗಿರುವ ಹಳೆಯ ಹಿಡಿತದಲ್ಲಿ ಹತ್ತಕ್ಕೆ ಮೂರು ಸಲವೂ ಜೊತೆಯಾಗಿ ಹೋಗಲಿಲ್ಲ. ಎಡಗೈ ಕೆಳಗಿಟ್ಟ ಮೂರನೆಯ ವಾರಕ್ಕೆ ಏಳೆಂಟಾಯಿತು. ಕುಳಿಯನ್ನು ನೋಡುತ್ತ ಹೊಡೆಯುವುದು ಆಮೇಲೆ ಸೇರಿಕೊಂಡಿತು. ಮೊದಲ ವಾರ ಪಟರ್ ನೆಲಕ್ಕೇ ತಾಗುತ್ತಿತ್ತು.

ನಡುವೆ, ಬೇಸಿಗೆಯ ಬೆವರಿಗೆಂದು ಪರಿಚಯದ ಟೈಲರ್ ಬಳಿ ಜೀನ್ಸ್ ಬಟ್ಟೆಯ ಗವಸನ್ನು ಗ್ರಿಪ್‌ಗೆ ಹೊಲಿಸಿ ನೋಡಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನು ಕೊರತೆ! ಎರಡು ದಿನಕ್ಕೆ ಅದು ಸಡಿಲವಾಗಿ ಹಿಡಿಕೆಯ ಸುತ್ತ ತಿರುಗತೊಡಗಿತು, ಕಿತ್ತೆಸೆದೆ.

ಈಗ ಪಟ್‌ಗಳು ಮೂವತ್ಮೂರು, ಮೂವತ್ನಾಲ್ಕಕ್ಕೆ ಇಳಿದಿವೆ. ಬಲಗೈಯ ತೋರುಬೆರಳನ್ನು ಎಲ್ಲಿಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಜೊತೆಯವರೊಡನೆ ಪಂದ್ಯ ಇನ್ನೂ ಬಾಕಿಯಿದೆ. ಇಪ್ಪತ್ತಡಿ ಮೀರಿದ ಪಟ್‌ಗಳಿಗೆ ನಾನು ಇಂದಿಗೂ ಹಳೆಯ ಹಿಡಿತವನ್ನೇ ಬಳಸುತ್ತೇನೆ, ಚೆಂಡನ್ನೇ ನೋಡುತ್ತೇನೆ.