ಬಸಿರಿನಲ್ಲಿ ಬಿಪಿ ಏರಿದರೆ ಏನು ಮಾಡಬೇಕು

ಬಿಪಿ ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಊಟ ಸೇರುತ್ತಿದೆ, ಹಾಗಾಗಿ "ಚೆನ್ನಾಗೇ ಇದ್ದೀನಲ್ಲ, ಮುಂದಿನ ತಿಂಗಳು ಹೋದರಾಯ್ತು" ಅಂತ ತಪಾಸಣೆ ತಪ್ಪಿಸುವವರು ಬಹಳ. ದಯವಿಟ್ಟು ತಪ್ಪಿಸಬೇಡಿ. ಪ್ರತಿ ಸಲವೂ ಬಿಪಿ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಎರಡನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ನಿಮಗೆ ಹತ್ತಿರ ಎಲ್ಲಿ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮೇಲಿನ ಸಂಖ್ಯೆ 140 ಅಥವಾ ಕೆಳಗಿನದು 90 ಮುಟ್ಟಿದರೆ ಡಾಕ್ಟರಿಗೆ ಅವತ್ತೇ ತಿಳಿಸಿ. 160 ಅಥವಾ 110 ಮುಟ್ಟಿದರೆ ಕಾಯಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. 20 ವಾರ ದಾಟಿದ ಮೇಲೆ ಬಿಪಿ ಏರಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಅನ್ನುತ್ತಾರೆ. ಚೊಚ್ಚಲು ಬಸಿರು, ಅವಳಿ ಮಕ್ಕಳು, ಮೊದಲೇ ಇದ್ದ ಬಿಪಿ, ಶುಗರ್ ಅಥವಾ ಕಿಡ್ನಿ ತೊಂದರೆ, ಹಿಂದಿನ ಬಸಿರಲ್ಲೂ ಹೀಗೇ ಆಗಿದ್ದು, ಇಂಥವರಿಗೆ ಅಪಾಯ ಜಾಸ್ತಿ.

ಮನೆಯಲ್ಲಿ ಮೆಷಿನ್ ಇದ್ದರೆ ಒಳ್ಳೆಯದು. ಅಡುಗೆಮನೆಯಿಂದ ಎದ್ದು ಬಂದವರೇ ನೋಡಬೇಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ ಐದು ನಿಮಿಷ ಸುಮ್ನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ನೋಡಿ. ಬಂದ ಸಂಖ್ಯೆಯನ್ನು ತಾರೀಕಿನ ಜೊತೆ ಬರೆದಿಡಿ.

ಮಾತ್ರೆ ಕೊಟ್ಟಿದ್ದರೆ, ಬಿಪಿ ಸರಿಹೋಯಿತು ಅಂತ ನೀವೇ ನಿಲ್ಲಿಸಬೇಡಿ. ಬಸಿರಲ್ಲಿ ಸಾಮಾನ್ಯವಾಗಿ ಲ್ಯಾಬೆಟಲಾಲ್, ನಿಫೆಡಿಪಿನ್ ಅಥವಾ ಮೀಥೈಲ್‌ಡೋಪಾ ಕೊಡುತ್ತಾರೆ. ಮನೆಯ ಹಿರಿಯರು ನುಂಗುವ ಟೆಲ್ಮಿಸಾರ್ಟನ್, ಎನಾಲಪ್ರಿಲ್ ಥರದ ಬಿಪಿ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ, ಅವನ್ನು ಮುಟ್ಟಲೇಬೇಡಿ. ಉಪ್ಪು ಪೂರ್ತಿ ಬಿಟ್ಟರೆ ವಾಸಿಯಾಗುತ್ತದೆ ಅನ್ನುವುದೂ ಸುಳ್ಳು. ಪ್ರಿಎಕ್ಲಾಂಪ್ಸಿಯಾ ಶುರುವಾಗುವುದೇ ಮಾಸುವಿನಿಂದ. ಅದಕ್ಕೇ ಹೆರಿಗೆಯಾಗದೆ ಇದು ಬಗೆಹರಿಯುವುದಿಲ್ಲ, ಅದಕ್ಕೇ 37 ವಾರ ತುಂಬಿದ ಮೇಲೆ ಕಾಯದೆ ಹೆರಿಗೆ ಮಾಡಿಸೋಣ ಅಂತ ಡಾಕ್ಟರು ಹೇಳುವುದು. ಅವಸರ ಮಾಡ್ತಾರೆ ಅಂದುಕೊಳ್ಳಬೇಡಿ, ಕಾರಣ ಕೇಳಿ ತಿಳಿದುಕೊಳ್ಳಿ.

ಸಂಜೆ ಹೊತ್ತಿಗೆ ಪಾದ ಊದುವುದು ಎಷ್ಟೋ ಬಸುರಿಯರಿಗೆ ಮಾಮೂಲಿ. ಮುಖ, ಕೈ ಇದ್ದಕ್ಕಿದ್ದಂತೆ ಊದಿ ಬಳೆ ಬಿಗಿಯಾದರೆ ಮಾಮೂಲಿ ಅಲ್ಲ. ಬಿಡದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಬಲಪಕ್ಕೆಲುಬಿನ ಕೆಳಗೆ ನೋವು, ಉಸಿರಾಟಕ್ಕೆ ಕಷ್ಟ, ಮಗುವಿನ ಓಡಾಟ ಕಮ್ಮಿಯಾಗಿದ್ದು: ಇವುಗಳಲ್ಲಿ ಒಂದಾದರೂ ಕಂಡರೆ ಗ್ಯಾಸ್ಟ್ರಿಕ್ ಇರಬೇಕು, ನಿದ್ದೆ ಕೆಟ್ಟಿರಬೇಕು ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಯಾವುದೂ ಬೇಡ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಬೇಗ ಸಿಗಬೇಕು, ಅದೇ ಮುಖ್ಯ.

ಹೆರಿಗೆಗೆ ತವರಿಗೆ ಹೋಗುವವರಿಗೆ ಒಂದು ಮಾತು. ಸೀಮಂತದ ಸೀರೆಗಿಂತ ಮೊದಲು ತಾಯಿ ಕಾರ್ಡ್, ಸ್ಕ್ಯಾನ್ ರಿಪೋರ್ಟ್, ಮಾತ್ರೆ ಚೀಟಿ ಬ್ಯಾಗಿಗೆ ಹಾಕಿ. ತಲುಪಿದ ವಾರದಲ್ಲೇ ಅಲ್ಲಿಯ ಡಾಕ್ಟರಿಗೆ ತೋರಿಸಿ. ರಾತ್ರಿಯೂ ಸಿಸೇರಿಯನ್ ಮಾಡುವ, ರಕ್ತ ಸಿಗುವ, ನವಜಾತ ಶಿಶು ಘಟಕ ಇರುವ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿಡಿ.

ಮಗು ಹುಟ್ಟಿತು, ಮುಗಿಯಿತು ಅಂತಲ್ಲ. ಹೆರಿಗೆಯ ನಂತರವೂ ಬಿಪಿ ಏರುತ್ತದೆ, ಫಿಟ್ಸ್ ಬರುತ್ತದೆ. ಬಾಣಂತಿ ತಲೆನೋವು ಅಂದರೆ ಗಾಳಿ ತಗುಲಿದೆ ಅಂತ ಕಿವಿಗೆ ಹತ್ತಿ ಇಟ್ಟು ಮಲಗಿಸುತ್ತಾರಲ್ವಾ, ಹಾಗೆ ಮಾಡುವ ಮೊದಲು ಬಿಪಿ ನೋಡಿ. ಮೊದಲ ವಾರ, ಹತ್ತು ದಿನ ಮರೆಯದೆ ನೋಡಿಸಿ, ಆರು ವಾರಕ್ಕೆ ಮತ್ತೊಮ್ಮೆ. ಮುಂದೆ ಮತ್ತೆ ಬಸಿರಾದರೆ ಮೊದಲ ಭೇಟಿಯಲ್ಲೇ ಈ ವಿಷಯ ಹೇಳಿ, ಏಕೆಂದರೆ ಇಂಥವರಿಗೆ 12 ವಾರದಿಂದ ಕಮ್ಮಿ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ, ತಡವಾಗಿ ಹೋದರೆ ಅದರ ಉಪಯೋಗ ಕಮ್ಮಿ.