ಕೋಲು ಇಟ್ಟುಕೊಂಡೆ, ಎಸೆಯುವ ಹಾಳೆ ಬಿಟ್ಟೆ

ನಾನು ಈಗಲೂ ನೆಲ ಒರೆಸುವುದು ಸ್ವಿಫರ್ ಮಾದರಿಯ, ಉದ್ದ ಕೋಲಿನ ಚಪ್ಪಟೆ ಮಾಪ್‌ನಿಂದಲೇ. ಬದಲಾಗಿದ್ದು ಅದರ ತಲೆಗೆ ಸಿಕ್ಕಿಸುವ ಬಟ್ಟೆ ಮಾತ್ರ. ಒಂದು ಸಲ ಬಳಸಿ ಎಸೆಯುವ ಹಾಳೆ ಕೊಳ್ಳುವುದನ್ನು ನಿಲ್ಲಿಸಿದೆ. ತೊಳೆದು ಮತ್ತೆ ಬಳಸುವ ಬಟ್ಟೆಗಳನ್ನು ನಾನೇ ಮಾಡಿಕೊಂಡೆ. ಇದರಲ್ಲಿ ಹೊಲಿಗೆ ದೊಡ್ಡ ಕೆಲಸವೇ ಅಲ್ಲ. ಯಾವ ಕೊಳೆಗೆ ಯಾವ ಬಟ್ಟೆ ಅನ್ನೋದು ಗೊತ್ತಾದರೆ ಸಾಕು.

ಆ ಕೋಲಿನ ಬಗ್ಗೆ ನನಗೆ ತುಂಬಾ ಮೆಚ್ಚುಗೆ ಇದೆ. ಜಪಾನಿನ ಕಾವೊ ಕಂಪನಿ 1994ರಲ್ಲಿ ಕ್ವಿಕಲ್ ವೈಪರ್ ಅನ್ನೋ ಇಂಥದ್ದೇ ಮಾಪ್ ತಂದಿತು. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ 1999ರಲ್ಲಿ ಸ್ವಿಫರ್ ತಂದಿತು. ಹಗುರ ಹಿಡಿ, ಬೇಕಾದ ಕಡೆ ತಿರುಗುವ ತಲೆ, ಮಂಚದ ಕೆಳಗೂ ಸಲೀಸಾಗಿ ಹೋಗುತ್ತೆ. ಬಗ್ಗಲಾಗದವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಇಂಥ ಬ್ರ್ಯಾಂಡ್ ನಡೆಯುವುದು ಕೋಲಿನಿಂದಲ್ಲ, ರೀಫಿಲ್‌ನಿಂದ. ರೇಜರ್ ಒಂದು ಸಲ ಮಾರಿ ಬ್ಲೇಡ್ ಮಾರುತ್ತಲೇ ಇರುವ ಲೆಕ್ಕ ಇದು. ಕೋಲು ವರ್ಷಗಟ್ಟಲೆ ಬಾಳುತ್ತೆ. ಹಾಳೆಯ ಆಯಸ್ಸು ಒಂದು ಕೋಣೆ, ಜಾಸ್ತಿ ಅಂದರೆ ಎರಡು. ನಂತರ ಅದು ಕಸ, ಅದೂ ಬಹುಪಾಲು ಪ್ಲಾಸ್ಟಿಕ್ ಎಳೆಯ ಕಸ.

ಹಾಳೆಯ ಬದಲಿಗೆ ಏನು ಹಾಕಬೇಕು ಅಂತ ತಿಳಿಯಲು, ಹಾಳೆ ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ನೋಡಿದೆ. ಒಣ ಹಾಳೆಯನ್ನು ನೇಯ್ದಿರುವುದಿಲ್ಲ. ಪಾಲಿಯೆಸ್ಟರ್‌ನಂಥ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಳೆ ಮಾಡಿರುತ್ತಾರೆ. ನೆಲಕ್ಕೆ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟಿ ದೂಳು, ಕೂದಲು ಅಂಟಿಕೊಳ್ಳುತ್ತವೆ. ಎಳೆಗಳ ನಡುವಿನ ಸಂದಿ ಅವನ್ನು ಹಿಡಿದಿಟ್ಟುಕೊಳ್ಳುತ್ತೆ. ಒದ್ದೆ ಪ್ಯಾಡ್‌ನ ಕೆಲಸವೇ ಬೇರೆ. ಅದು ನೀರು ಹೀರಬೇಕು. ಹಾಗಾಗಿ ಒಂದೇ ಬಟ್ಟೆ ಎರಡಕ್ಕೂ ಸರಿಹೋಗುವುದಿಲ್ಲ.

ಒಣ ದೂಳಿಗೆ ನಾನು ಹಳೇ ಫ್ಲೀಸ್ ಹೊದಿಕೆಯನ್ನು ಕತ್ತರಿಸಿದೆ. ಫ್ಲೀಸ್ ಕೂಡ ಪಾಲಿಯೆಸ್ಟರೇ, ಮೇಲೆ ಜುಂಗು ಇರುತ್ತೆ. ಕೂದಲು ಹಿಡಿಯುವುದರಲ್ಲಿ ಇದನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಹೊಲಿಗೆಯೇ ಬೇಡ. ಮಾಪ್ ತಲೆಯ ಉದ್ದಕ್ಕೆ ಸರಿಯಾಗಿ, ಅಗಲಕ್ಕೆ ಮಾತ್ರ ಎರಡೂ ಬದಿ ಮೇಲಕ್ಕೆ ಮಡಚುವಷ್ಟು ಹೆಚ್ಚು ಬಿಟ್ಟೆ. ತಲೆಯ ಮೇಲಿನ ನಾಲ್ಕು ರಬ್ಬರ್ ಸೀಳುಗಳಿಗೆ ಬಟ್ಟೆಯ ತುದಿ ತುರುಕಿದರೆ ಗಟ್ಟಿಯಾಗಿ ಕೂರುತ್ತೆ. ಬಟ್ಟೆ ದಪ್ಪ ಇದ್ದರೆ ಸೀಳಿನಿಂದ ಜಾರುತ್ತೆ, ತೆಳು ಫ್ಲೀಸೇ ಒಳ್ಳೆಯದು.

ಒದ್ದೆ ಒರೆಸಲು ಟವೆಲ್ ಬಟ್ಟೆ ಅಥವಾ ಮೈಕ್ರೋಫೈಬರ್. ಟವೆಲ್ ಬಟ್ಟೆಯ ಅಂಚನ್ನು ಮಡಚಿ ಹೊಲಿಯಲೇಬೇಕು, ಇಲ್ಲದಿದ್ದರೆ ನೂಲು ಉದುರುತ್ತೆ. ಸಾಮಾನ್ಯವಾಗಿ ಪಾಲಿಯೆಸ್ಟರ್ ಮತ್ತು ನೈಲಾನ್ ಸೇರಿಸಿ ಮಾಡುವ ಮೈಕ್ರೋಫೈಬರ್ ಎಳೆಗಳು ತುಂಬಾ ಸಣ್ಣ. ಅಡುಗೆಮನೆಯ ಜಿಡ್ಡಿಗೆ ನಾನು ಅದನ್ನೇ ಹಾಕುತ್ತೇನೆ. ಒದ್ದೆ ಮಾಡುವ ಮುಂಚೆ ಒಣ ಬಟ್ಟೆಯಿಂದ ಒಂದು ಸುತ್ತು ಆಗಲೇಬೇಕು. ದೂಳಿನ ಮೇಲೆ ನೀರು ಬಿದ್ದರೆ ಕೆಸರು ಎಳೆದಾಡಿದಂತೆ ಆಗುತ್ತೆ.

ಸ್ಪ್ರೇ ಮಾಡುವ ಮಾಪ್ ಆದರೆ ನೆಲ ಒರೆಸುವ ದ್ರಾವಣದ ಬಾಟಲಿ ಇನ್ನೊಂದು ರೀಫಿಲ್. ಕೆಲವು ಸ್ಪ್ರೇ ಮಾಪ್‌ಗಳ ಬಾಟಲಿ ಮುಚ್ಚಳ ತೆಗೆಯಲು ಬಾರದಂತೆ ಲಾಕ್ ಆಗಿರುತ್ತೆ. ಬಿಸಿನೀರಿನಲ್ಲಿ ಅದ್ದಿ ತಿರುಗಿಸಿ ತೆಗೆಯುವವರಿದ್ದಾರೆ. ನಾನು ಆ ಗೋಜಿಗೆ ಹೋಗಲಿಲ್ಲ. ಕೈಯಲ್ಲೊಂದು ಸಾದಾ ಸ್ಪ್ರೇ ಬಾಟಲಿ ಹಿಡಿದು, ಮುಂದೆ ಚಿಮುಕಿಸುತ್ತಾ ಒರೆಸುತ್ತೇನೆ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ. ಸೋಪು ಜಾಸ್ತಿಯಾದರೆ ನೆಲದ ಮೇಲೆ ಪದರ ಉಳಿದು ಕಾಲಿಗೆ ಅಂಟುತ್ತೆ, ದೂಳನ್ನೂ ಬೇಗ ಹಿಡಿಯುತ್ತೆ. ಅಮೃತಶಿಲೆಯ ಮೇಲೆ ವಿನೆಗರ್ ಬೇಡವೇ ಬೇಡ, ಆಮ್ಲ ಕಲ್ಲನ್ನು ತಿನ್ನುತ್ತೆ. ಬ್ಲೀಚ್ ಜೊತೆ ವಿನೆಗರ್ ಆಗಲಿ ಅಮೋನಿಯಾ ಆಗಲಿ ಯಾವತ್ತೂ ಬೆರೆಸಬೇಡಿ. ವಿಷದ ಅನಿಲ ಬರುತ್ತೆ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಬಟ್ಟೆಯನ್ನು ಹೊರಗೆ ಚೆನ್ನಾಗಿ ಕೊಡವಿ, ಸಿಕ್ಕಿಕೊಂಡ ಕೂದಲು ಕೀಳುತ್ತೇನೆ. ಮೈಕ್ರೋಫೈಬರನ್ನು ಕಾಟನ್ ಜೊತೆ ಹಾಕುವುದಿಲ್ಲ, ಅದರ ನಾರೆಲ್ಲ ಇದಕ್ಕೆ ಅಂಟುತ್ತೆ. ಫ್ಯಾಬ್ರಿಕ್ ಸಾಫ್ಟನರ್ ಹಾಕಲೇಬಾರದು. ಅದು ಎಳೆಗಳ ಮೇಲೆ ಕೂತರೆ ಸ್ಥಿರ ವಿದ್ಯುತ್ತೂ ಹೋಯಿತು, ಹೀರುವ ಗುಣವೂ ಹೋಯಿತು. ಜೋರು ಬಿಸಿಯಲ್ಲಿ ಒಣಗಿಸುವುದೂ ಬೇಡ.

ಇದರಲ್ಲಿ ನನಗೆ ಪೂರ್ತಿ ಸಮಾಧಾನ ಇಲ್ಲದ ವಿಷಯ ಒಂದಿದೆ. ಫ್ಲೀಸ್, ಮೈಕ್ರೋಫೈಬರ್ ತೊಳೆದಾಗಲೆಲ್ಲ ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಅದಕ್ಕೇ ಕಡಿಮೆ ಸಲ, ತಣ್ಣೀರಿನಲ್ಲಿ, ಮೆಷಿನ್ ತುಂಬುವಷ್ಟು ಬಟ್ಟೆ ಸೇರಿದ ಮೇಲೆ ತೊಳೆಯುತ್ತೇನೆ. ಒದ್ದೆ ಕೆಲಸಕ್ಕೆ ಕಾಟನ್ ಸಾಕಾದರೆ ಕಾಟನ್ನನ್ನೇ ಹಾಕುತ್ತೇನೆ.

ಎಸೆಯುವ ಬಟ್ಟೆ ಬೇಕಾಗುವ ಹೊತ್ತೂ ಇರುತ್ತೆ, ಅಲ್ವಾ? ಗಾಜು ಒಡೆದಾಗ, ಮನೆಯಲ್ಲಿ ಯಾರೋ ವಾಂತಿ ಮಾಡಿಕೊಂಡಾಗ. ಅದಕ್ಕೆ ಸವೆದು ತೂತಾದ ಕಾಟನ್ ತುಂಡುಗಳನ್ನು ಬೇರೆ ಎತ್ತಿಟ್ಟಿದ್ದೇನೆ. ಗಾಜಿನ ಚೂರು ಹಿಡಿದ ಬಟ್ಟೆಯನ್ನು ಮತ್ತೆ ತೊಳೆಯಲು ಹೋಗಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಕಸ ಎತ್ತುವವರ ಕೈಗೆ ಚುಚ್ಚದಂತೆ ಕಟ್ಟಿ, ಮೇಲೆ ಗಾಜು ಅಂತ ಬರೆದು ಹಾಕಿ.