ನಂಬಿಕೆಯೋ ಕ್ರಿಯೆಯೋ: ರಕ್ಷಣೆಯ ವಿಷಯದಲ್ಲಿ ಭಿನ್ನಮತ ಬಂದಾಗ ಸತ್ಯವೇದವನ್ನು ಕೂಡಿ ಓದುವ ಕ್ರಮ

ಪ್ರಾರ್ಥನಾ ಕೂಟ ಮುಗಿದು ಚಹಾದ ಲೋಟಗಳು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಆರಂಭವಾಗುವ ಒಂದು ವಾದವಿದೆ. ಒಬ್ಬರು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ 28ನೆಯ ವಚನವನ್ನು ತೆರೆದು, ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎನ್ನುತ್ತಾರೆ. ಎದುರಿಗೆ ಕುಳಿತವರು ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದ 24ನೆಯ ವಚನಕ್ಕೆ ಬೆರಳಿಟ್ಟು, ಮನುಷ್ಯನು ನೀತಿವಂತನೆನಿಸಿಕೊಳ್ಳುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಎಂದು ಓದುತ್ತಾರೆ. ಮಂಗಳೂರಿನಂಥ ಊರಿನಲ್ಲಿ, ಕೊಂಕಣಿ ಮಾತನಾಡುವ ಕಥೋಲಿಕ ಮನೆತನಗಳೂ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ಪ್ರಾಟೆಸ್ಟೆಂಟ್ ಮನೆತನಗಳೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ, ಈ ವಾದ ಕೂಟದಿಂದ ಹೊರಟು ನೆಂಟರ ಮನೆಯ ಊಟದ ಪಂಕ್ತಿಯವರೆಗೂ ಬರುತ್ತದೆ.

ನಾನೇ ನಡೆಸುತ್ತಿದ್ದ ಒಂದು ವೇದಾಧ್ಯಯನ ಕೂಟ ಈ ಎರಡು ವಚನಗಳಿಂದಾಗಿ ಒಡೆಯಿತು. ತಪ್ಪು ನನ್ನದೇ ಆಗಿತ್ತು. ಇಬ್ಬರು ಹಿರಿಯರು ತಮ್ಮ ತಮ್ಮ ವಚನವನ್ನು ಓದಿ ಮುಗಿಸುವಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿ ತೀರ್ಪು ಹೇಳಿಬಿಟ್ಟೆ. ಅವರಲ್ಲಿ ಒಬ್ಬರು ಮರುವಾರದಿಂದ ಬರಲಿಲ್ಲ. ಅಂದಿನಿಂದ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಈ ಎರಡು ವಚನಗಳನ್ನೇ ಹಿಡಿಯುತ್ತೇನೆ, ಏಕೆಂದರೆ ಪಶ್ಚಿಮದ ಕ್ರೈಸ್ತ ಸಭೆ ಎರಡಾದದ್ದರಲ್ಲಿ ಇವುಗಳ ಅರ್ಥದ ಪ್ರಶ್ನೆಗೆ ದೊಡ್ಡ ಪಾಲಿದೆ.

ಮೊದಲು ಮಾಡಬೇಕಾದ ಕೆಲಸ ಬಹಳ ಸರಳವಾದದ್ದು: ವಚನವನ್ನು ಬಿಟ್ಟು ಅಧ್ಯಾಯವನ್ನು ಓದಿ. ರೋಮಾಪುರದ ಪತ್ರಿಕೆಯ 3 ಮತ್ತು 4ನೆಯ ಅಧ್ಯಾಯಗಳನ್ನೂ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯವನ್ನೂ ಆರಂಭದಿಂದ ಕೊನೆಯವರೆಗೆ, ಯಾರೂ ಮಧ್ಯೆ ವ್ಯಾಖ್ಯಾನ ಮಾಡದೆ, ಗಟ್ಟಿಯಾಗಿ ಓದಬೇಕು. ಪೌಲನ ಪಾಠವನ್ನು ಯಾಕೋಬನ ಪಕ್ಷದವರ ಕೈಗೂ, ಯಾಕೋಬನ ಪಾಠವನ್ನು ಪೌಲನ ಪಕ್ಷದವರ ಕೈಗೂ ಕೊಟ್ಟರೆ ಇನ್ನೂ ಒಳ್ಳೆಯದು. ತನಗೆ ಎದುರಾಗಿದೆ ಎಂದುಕೊಂಡಿದ್ದ ಮಾತನ್ನು ತನ್ನ ದನಿಯಲ್ಲಿಯೇ ಓದುವಾಗ ಮನುಷ್ಯನಿಗೆ ಅದು ಬೇರೆಯಾಗಿ ಕೇಳಿಸುತ್ತದೆ.

ಓದಿದ ಬಳಿಕ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಪೌಲ, ಬಲಕ್ಕೆ ಯಾಕೋಬ ಎಂದು ಬರೆದು, ಇಬ್ಬರೂ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಪೌಲನ ಮುಂದಿರುವುದು ಯೆಹೂದ್ಯರೂ ಅನ್ಯಜನರೂ ಸೇರಿದ ಸಭೆ. ಸುನ್ನತಿ ಮತ್ತು ಧರ್ಮಶಾಸ್ತ್ರ ಇಲ್ಲದವನು ದೇವರ ಜನರಲ್ಲಿ ಸೇರಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಯಾಕೋಬನ ಮುಂದಿರುವುದು ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಪೀಠ ಕೊಟ್ಟು, ಹರಕು ಬಟ್ಟೆಯವನನ್ನು ಕಾಲ ಬಳಿ ಕೂರಿಸುವ ಸಭೆ. ಉಡಲು ಬಟ್ಟೆಯಿಲ್ಲದ, ಆ ದಿನದ ಊಟಕ್ಕೂ ಗತಿಯಿಲ್ಲದ ಸಹೋದರನಿಗೋ ಸಹೋದರಿಗೋ ಏನನ್ನೂ ಕೊಡದೆ, ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಎಂದು ಹೇಳಿ ಕಳುಹಿಸುವವನ ನಂಬಿಕೆಗೆ ಏನು ಬೆಲೆ ಎಂದು ಆತ ಕೇಳುತ್ತಿದ್ದಾನೆ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂಬ ಅವನ ಮಾತನ್ನು ಗಮನಿಸಿದರೆ, ಒಪ್ಪಿಕೊಂಡು ಸುಮ್ಮನಿರುವುದನ್ನು ಅವನು ಇಲ್ಲಿ ನಂಬಿಕೆ ಎಂದು ಕರೆಯುತ್ತಿದ್ದಾನೆ ಎಂಬುದು ಸ್ಪಷ್ಟವಾಗುತ್ತದೆ. ಪೌಲನು ಗಲಾತ್ಯದವರಿಗೆ ಬರೆಯುತ್ತ ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ ಎಂದು 5ನೆಯ ಅಧ್ಯಾಯದ 6ನೆಯ ವಚನದಲ್ಲಿ ಹೇಳುವಾಗ ಅವನ ಮನಸ್ಸಿನಲ್ಲಿರುವುದು ಅಂಥ ಒಣ ಒಪ್ಪಿಗೆಯಲ್ಲ.

ಇದೇ ಹಾಳೆಯಲ್ಲಿ ಅಬ್ರಹಾಮನ ಬದುಕನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಅಬ್ರಹಾಮನು ದೇವರನ್ನು ನಂಬಿದನು, ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು ಎಂಬ ಮಾತು ಆದಿಕಾಂಡದ 15ನೆಯ ಅಧ್ಯಾಯದಲ್ಲಿದೆ. ಸುನ್ನತಿಯಾದದ್ದು 17ನೆಯ ಅಧ್ಯಾಯದಲ್ಲಿ. ಇಸಾಕನನ್ನು ಬಲಿಪೀಠದ ಮೇಲಿಟ್ಟದ್ದು 22ನೆಯ ಅಧ್ಯಾಯದಲ್ಲಿ. ಪೌಲ, ಯಾಕೋಬ ಇಬ್ಬರೂ 15ನೆಯ ಅಧ್ಯಾಯದ ಅದೇ ವಾಕ್ಯವನ್ನು ಎತ್ತಿಕೊಳ್ಳುತ್ತಾರೆ. ಪೌಲನು ಅದನ್ನು 17ರ ಪಕ್ಕದಲ್ಲಿಟ್ಟು, ಸುನ್ನತಿಗಿಂತ ಮೊದಲೇ ಅವನು ನೀತಿವಂತನೆನಿಸಿದ್ದನಲ್ಲವೇ ಎಂದು ಕೇಳುತ್ತಾನೆ. ಯಾಕೋಬನು ಅದನ್ನು 22ರ ಪಕ್ಕದಲ್ಲಿಟ್ಟು, ಆ ಮಾತು ನೆರವೇರಿದ್ದು ಇಸಾಕನನ್ನು ಅರ್ಪಿಸಿದಾಗಲ್ಲವೇ ಎಂದು ಕೇಳುತ್ತಾನೆ. ನನ್ನ ಅನುಭವದಲ್ಲಿ ಕೂಟದ ಧಾಟಿ ಬದಲಾಗುವುದು ಈ ಸಾಲನ್ನು ಬರೆದ ಗಳಿಗೆಯಲ್ಲಿ. ಅಲ್ಲಿಯವರೆಗೆ ಪರಸ್ಪರ ನೋಡುತ್ತಿದ್ದವರು ಹಾಳೆಯನ್ನು ನೋಡತೊಡಗುತ್ತಾರೆ.

ಮುಂದೆ ಅನುವಾದಗಳ ಕಡೆಗೆ ಬನ್ನಿ. ಕನ್ನಡ ಓದುಗರು ಇಲ್ಲಿ ಅವಸರ ಮಾಡಬಾರದು. ಮೇಜಿನ ಮೇಲೆ ಕನಿಷ್ಠ ಎರಡು ಅನುವಾದಗಳಿರಲಿ. ಹಳೆಯ ಸತ್ಯವೇದದಲ್ಲಿ ನೀತಿವಂತನೆಂದು ನಿರ್ಣಯಿಸಲ್ಪಡುವುದು ಎಂದು ಇರುವ ಕಡೆ, ಕಥೋಲಿಕರೂ ಬಳಸುವ ಸರಳ ಅನುವಾದದಲ್ಲಿ ದೇವರೊಡನೆ ಸತ್ಸಂಬಂಧ ಎಂಬ ಮಾತು ಬರುತ್ತದೆ. ಮೊದಲನೆಯದರಲ್ಲಿ ನ್ಯಾಯಾಲಯದ ತೀರ್ಪಿನ ದನಿಯಿದೆ, ಎರಡನೆಯದರಲ್ಲಿ ಮುರಿದಿದ್ದ ಸಂಬಂಧ ಕೂಡಿದ ದನಿಯಿದೆ. ಮೂಲದ ಗ್ರೀಕ್ ಪದ ನ್ಯಾಯಾಲಯದಲ್ಲಿಯೂ ಬಳಕೆಯಾಗುತ್ತಿದ್ದ ಪದ; ಅದರ ಲ್ಯಾಟಿನ್ ಅನುವಾದವನ್ನು ಬಿಡಿಸಿದರೆ ನೀತಿವಂತನನ್ನಾಗಿ ಮಾಡು ಎಂಬ ಅರ್ಥ ಹೊರಡುತ್ತದೆ. ದೇವರು ಪಾಪಿಯನ್ನು ನೀತಿವಂತನೆಂದು ಘೋಷಿಸುತ್ತಾನೆಯೇ, ನೀತಿವಂತನನ್ನಾಗಿ ಮಾರ್ಪಡಿಸುತ್ತಾನೆಯೇ ಎಂಬ ಶತಮಾನಗಳ ಚರ್ಚೆಯ ಬೇರು ಬಹುಮಟ್ಟಿಗೆ ಇಲ್ಲಿದೆ. ಹಾಗೆಯೇ ಪೌಲನು ಧರ್ಮಶಾಸ್ತ್ರದ ಕ್ರಿಯೆಗಳು ಎನ್ನುವ ಕಡೆ ಹಳೆಯ ಕನ್ನಡ ಅನುವಾದ ನೇಮನಿಷ್ಠೆ ಎಂಬ ಪದವನ್ನು ತಂದಿದೆ. ಹಸಿದವನಿಗೆ ಅನ್ನ ಹಾಕುವುದನ್ನು ನಾವು ಯಾರೂ ನೇಮನಿಷ್ಠೆ ಎನ್ನುವುದಿಲ್ಲ. ಅಂದಮೇಲೆ ಆ ಅನುವಾದಕರು ಪೌಲನ ಕ್ರಿಯೆಗೂ ಯಾಕೋಬನ ಕ್ರಿಯೆಗೂ ನಡುವೆ ಒಂದು ಗೆರೆಯನ್ನು ನಮಗಾಗಿ ಎಳೆದುಕೊಟ್ಟಿದ್ದಾರೆ. ಆ ಗೆರೆ ಸರಿಯೇ ಎಂಬುದೂ ಚರ್ಚೆಗೆ ಯೋಗ್ಯ, ಏಕೆಂದರೆ ಪೌಲನು ತಳ್ಳಿಹಾಕುವುದು ಸುನ್ನತಿ, ಆಹಾರ, ಹಬ್ಬಗಳ ನೇಮಗಳನ್ನು ಮಾತ್ರವೋ, ಮನುಷ್ಯ ಗಳಿಸಿದೆನೆಂದುಕೊಳ್ಳುವ ಎಲ್ಲ ಪುಣ್ಯವನ್ನೋ ಎಂಬ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಒಂದು ಅಕ್ಷರ ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನ್ ಬೋಧಕ ಲೂಥರನ ಅನುವಾದವೇ ಸಾಕ್ಷಿ. 1522ರಲ್ಲಿ ಪ್ರಕಟಿಸಿದ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ರೋಮಾ 3:28ಕ್ಕೆ ಅವನು ಮಾತ್ರ ಎಂಬ ಅರ್ಥದ ಒಂದು ಪದವನ್ನು ಸೇರಿಸಿದ. ಗ್ರೀಕ್ ಮೂಲದಲ್ಲಿ ಆ ಪದವಿಲ್ಲ. ವಿರೋಧಿಗಳು ಇದನ್ನು ಹಿಡಿದು ಆಕ್ಷೇಪಿಸಿದಾಗ, ಮೂಲದಲ್ಲಿ ಆ ಪದವಿಲ್ಲವೆಂಬುದು ತನಗೂ ಗೊತ್ತು, ಆದರೆ ಇದಲ್ಲ ಅದು ಎಂದು ಹೇಳುವಾಗ ಜರ್ಮನ್ ಮಾತಿನ ಜಾಯಮಾನ ಅದನ್ನು ಕೇಳುತ್ತದೆ, ಪೌಲನ ವಾದದ ಅರ್ಥವೂ ಅದನ್ನೇ ಬೇಡುತ್ತದೆ ಎಂದು 1530ರಲ್ಲಿ ಬರೆದ ಬಹಿರಂಗ ಪತ್ರದಲ್ಲಿ ಸಮರ್ಥಿಸಿಕೊಂಡ. ನಮಗೆ ಇದು ದೂರದ ಮಾತಲ್ಲ. ನಂಬಿಕೆಯಿಂದ ಎನ್ನುವುದಕ್ಕೂ ನಂಬಿಕೆಯಿಂದಲೇ ಎನ್ನುವುದಕ್ಕೂ ಕನ್ನಡದಲ್ಲಿ ಇರುವ ಅಂತರ ಒಂದು ಲೇ ಮಾತ್ರ. ನಿಮ್ಮ ಕೈಯಲ್ಲಿರುವ ಅನುವಾದದಲ್ಲಿ ಆ ಲೇ ಇದೆಯೇ ನೋಡಿ, ಇದ್ದರೆ ಅದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಅದಿಲ್ಲದೆ ಒಮ್ಮೆ ಓದಿ, ಅದನ್ನು ಸೇರಿಸಿ ಮತ್ತೊಮ್ಮೆ ಓದಿ. ಬರೀ ನಂಬಿಕೆಯಿಂದ ಎಂಬ ಪದಗುಚ್ಛ ಹೊಸ ಒಡಂಬಡಿಕೆಯ ಮೂಲದಲ್ಲಿ ಬರುವುದು ಒಂದೇ ಕಡೆ, ಯಾಕೋಬ 2:24ರಲ್ಲಿ. ಅದೂ ‘ಅಲ್ಲ’ ಎಂಬ ನಿಷೇಧದೊಂದಿಗೆ. ಅದೇ 1522ರ ಮುನ್ನುಡಿಯಲ್ಲಿ ಲೂಥರನು ಯಾಕೋಬನ ಪತ್ರಿಕೆಯನ್ನು ಒಣಹುಲ್ಲಿನ ಪತ್ರಿಕೆ ಎಂದು ಕರೆದಿದ್ದನೆಂಬುದನ್ನು ಪ್ರಾಟೆಸ್ಟೆಂಟರು ಮುಚ್ಚಿಡಬೇಕಿಲ್ಲ. ಆ ಮಾತನ್ನು ನಂತರದ ಮುದ್ರಣಗಳಿಂದ ತೆಗೆದರೆಂಬುದನ್ನೂ, ಪತ್ರಿಕೆಯನ್ನು ಅವನು ತನ್ನ ಬೈಬಲಿನಿಂದ ತೆಗೆದುಹಾಕಲಿಲ್ಲವೆಂಬುದನ್ನೂ ಕಥೋಲಿಕರು ಮರೆಯಬಾರದು.

ಈಗ ಕಠಿಣವಾದ ಹಂತ. ಎದುರು ಪಕ್ಷದ ಬೋಧನೆಯನ್ನು ಅವರು ತಲೆದೂಗುವಂತೆ ನೀವು ಹೇಳಬೇಕು, ಮತ್ತು ಅದನ್ನು ಅವರದೇ ಬರಹಗಳಿಂದ ತೆಗೆದು ಹೇಳಬೇಕು. ಕಥೋಲಿಕರು ಒಳ್ಳೆಯ ಕೆಲಸಗಳಿಂದ ಪರಲೋಕವನ್ನು ಕೊಂಡುಕೊಳ್ಳಬಹುದೆಂದು ನಂಬುತ್ತಾರೆ ಎನ್ನುವ ಪ್ರಾಟೆಸ್ಟೆಂಟರು ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಹೊರಡಿಸಿದ ನಿರ್ಣಯವನ್ನು ಓದಬೇಕು. ಅದರ 33 ನಿಯಮಗಳಲ್ಲಿ ಮೊಟ್ಟಮೊದಲನೆಯದೇ, ಯೇಸು ಕ್ರಿಸ್ತನ ಮೂಲಕ ಬರುವ ದೇವರ ಕೃಪೆಯಿಲ್ಲದೆ ಮನುಷ್ಯನು ತನ್ನ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆಂದು ಹೇಳುವವರನ್ನು ಖಂಡಿಸುತ್ತದೆ. ಬರೀ ನಂಬಿಕೆ ಸಾಕು, ಬೇರೆ ಯಾವ ಸಹಕಾರವೂ ಬೇಡ ಎನ್ನುವವರನ್ನು ಖಂಡಿಸುವುದು 9ನೆಯ ನಿಯಮ. ಪ್ರಾಟೆಸ್ಟೆಂಟರು ಹೇಗೆ ಬದುಕಿದರೂ ನಡೆಯುತ್ತದೆ ಎಂದು ಬೋಧಿಸುತ್ತಾರೆ ಎನ್ನುವ ಕಥೋಲಿಕರು ಲೂಥರನ ಪಕ್ಷದವರು ಹೊರಡಿಸಿದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 6ನೆಯ ಮತ್ತು 20ನೆಯ ಕಲಮುಗಳನ್ನು ಓದಬೇಕು. ನಂಬಿಕೆ ಒಳ್ಳೆಯ ಫಲಗಳನ್ನು ಕೊಡಲೇಬೇಕು ಎಂದು ಅಲ್ಲಿ ಬರೆದಿದೆ. ನಾನು ಕೂಟದಲ್ಲಿ ಈ ಭಾಗಗಳನ್ನು ಯಾರ ಹೆಸರನ್ನೂ ಹೇಳದೆ ಓದಿಸಿ, ಇದು ಯಾವ ಸಭೆಯ ಬೋಧನೆ ಎಂದು ಕೇಳುತ್ತೇನೆ. ಟ್ರೆಂಟಿನ ಮೊದಲ ನಿಯಮವನ್ನು ಲೂಥರನದೆಂದು ಹೇಳುವವರು ಬಹಳ ಜನ.

ಈ ಕೆಲಸವನ್ನು ಸಭೆಗಳೇ ಮಾಡಿ ತೋರಿಸಿವೆ. ದಶಕಗಳ ಮಾತುಕತೆಯ ನಂತರ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ಲೋಕ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರವೇ, ಕ್ರಿಸ್ತನ ರಕ್ಷಣಾಕಾರ್ಯದ ಮೇಲಣ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಒಳ್ಳೆಯ ಕ್ರಿಯೆಗಳಿಗೆ ನಮ್ಮನ್ನು ಸಜ್ಜುಗೊಳಿಸುವ ಪವಿತ್ರಾತ್ಮನನ್ನು ಕೊಡುತ್ತಾನೆ ಎಂಬುದು ಅದರ ತಿರುಳು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಲೋಕ ಒಕ್ಕೂಟ 2017ರಲ್ಲಿ ಇದನ್ನು ಒಪ್ಪಿಕೊಂಡವು. ಅಮೆರಿಕದ ಮಿಸೌರಿ ಸಿನಡ್‌ನಂಥ ಲೂಥರನ್ ಸಭೆಗಳು ಒಪ್ಪಲಿಲ್ಲ, ಮತ್ತು ಅವರ ಆಕ್ಷೇಪವನ್ನು ಹಗುರವಾಗಿ ಕಾಣಬಾರದು: ಒಂದೇ ಪದಕ್ಕೆ ಎರಡು ಅರ್ಥ ಇಟ್ಟುಕೊಂಡು ಸಹಿ ಮಾಡಿದರೆ ಅದು ನಿಜವಾದ ಒಮ್ಮತವೇ ಎಂಬುದು ಅವರ ಪ್ರಶ್ನೆ. ಆದರೂ ಆ ಘೋಷಣೆಯ ರಚನೆ ನಮ್ಮಂಥ ಸಣ್ಣ ಕೂಟಗಳಿಗೆ ಮಾದರಿಯಾಗಬಲ್ಲದು ಎಂದೇ ನನ್ನ ಅಭಿಪ್ರಾಯ. ಪ್ರತಿಯೊಂದು ವಿಷಯದಲ್ಲಿಯೂ ಅಲ್ಲಿ ಮೊದಲು ಇಬ್ಬರೂ ಕೂಡಿ ಹೇಳಬಹುದಾದದ್ದನ್ನು ಹೇಳಿ, ಅನಂತರ ಲೂಥರನರ ಒತ್ತು ಯಾವುದರ ಮೇಲೆ, ಕಥೋಲಿಕರ ಒತ್ತು ಯಾವುದರ ಮೇಲೆ ಎಂಬುದನ್ನು ಪ್ರತ್ಯೇಕವಾಗಿ ಬರೆದಿದ್ದಾರೆ. ನಿಮ್ಮ ಹಾಳೆಯ ಹಿಂಬದಿಯಲ್ಲಿ ಇದೇ ಮೂರು ಭಾಗಗಳನ್ನು ಮಾಡಿಕೊಳ್ಳಿ.

ಹೀಗೆ ಮಾಡಿದ ಮೇಲೆ ಉಳಿಯುವ ಭಿನ್ನತೆ ಯಾವ ಜಾತಿಯದು ಎಂಬುದನ್ನು ಪತ್ತೆ ಹಚ್ಚಬೇಕು. ಸತ್ತವರಿಗಾಗಿ ಪ್ರಾರ್ಥಿಸುವ ವಿಷಯ ಎದ್ದರೆ ಕಥೋಲಿಕರು ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ತೋರಿಸುತ್ತಾರೆ, ಆದರೆ ಆ ಗ್ರಂಥ ಪ್ರಾಟೆಸ್ಟೆಂಟರ 66 ಗ್ರಂಥಗಳಲ್ಲಿಲ್ಲ, ಕಥೋಲಿಕರ 73ರಲ್ಲಿದೆ. ಅಂದಮೇಲೆ ಅದು ವ್ಯಾಖ್ಯಾನದ ಜಗಳವಲ್ಲ, ಯಾವುದು ಶಾಸ್ತ್ರ ಎಂಬುದರ ಭಿನ್ನಮತ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬಲ್ಲಿ ಎಲ್ಲರೂ ಅದೇ ವಚನಗಳನ್ನು ಓದುತ್ತಾರೆ, ಆದರೆ ವಚನಗಳು ಮೌನವಾಗಿರುವ ಕಡೆ ಆದಿಸಭೆಯ ರೂಢಿಗೆ ಎಷ್ಟು ಅಧಿಕಾರ ಎಂಬುದರಲ್ಲಿ ಬೇರೆಯಾಗುತ್ತಾರೆ. ಆರ್ಥೊಡಾಕ್ಸ್ ಸಭೆಯವರು ಕೂಟದಲ್ಲಿದ್ದರೆ ಅವರಿಗೆ ಈ ಇಡೀ ಚರ್ಚೆಯೇ ಪಶ್ಚಿಮದವರ ಮನೆಯ ಜಗಳದಂತೆ ಕಾಣಬಹುದು, ಏಕೆಂದರೆ ರಕ್ಷಣೆಯನ್ನು ಅವರು ದೇವರ ಜೀವದಲ್ಲಿ ಪಾಲುಗೊಳ್ಳುವುದೆಂದು, ರೋಗ ಗುಣವಾಗುವುದೆಂದು ಹೇಳುವುದೇ ಹೆಚ್ಚು. ಭಿನ್ನತೆಯ ಜಾತಿ ತಿಳಿದರೆ, ಗ್ರಂಥಪಟ್ಟಿಯ ಪ್ರಶ್ನೆಗೆ ವಚನ ಎಸೆದು ಉತ್ತರ ಕೊಡುವ ವ್ಯರ್ಥ ಶ್ರಮ ತಪ್ಪುತ್ತದೆ.

ಕೆಲವು ಭಿನ್ನತೆಗಳು ಮುಗಿಯುವುದಿಲ್ಲ, ಅದನ್ನು ಮುಗಿಯಿತೆಂದು ನಟಿಸಬಾರದು. 1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಭೇಟಿಯಾದಾಗ, ಲೂಥರನು ಕೊನೆಯ ಭೋಜನದಲ್ಲಿ ರೊಟ್ಟಿಯನ್ನು ಕುರಿತು ಯೇಸು ಹೇಳಿದ ಇದು ನನ್ನ ದೇಹ ಎಂಬ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟುಕೊಂಡೇ ಕುಳಿತ. 15 ಕಲಮುಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ಪ್ರಭುಭೋಜನದ ಕುರಿತ ಕೊನೆಯ ಕಲಮಿನಲ್ಲಿಯೂ ಬಹುಪಾಲು ಒಪ್ಪಿ, ಕ್ರಿಸ್ತನ ದೇಹ ರೊಟ್ಟಿಯಲ್ಲಿ ಶಾರೀರಿಕವಾಗಿಯೇ ಇದೆಯೇ ಎಂಬ ಒಂದು ಅಂಶದಲ್ಲಿ ಒಪ್ಪಲಾಗಲಿಲ್ಲವೆಂದು ಬರೆದೇ ಸಹಿ ಹಾಕಿದರು. ಆ ಒಂದು ಅಂಶ ಅವರನ್ನು ಬೇರೆ ಮಾಡಿತು, ಆದರೆ ಬರೆದಿಟ್ಟ ಆ ಹಾಳೆಯಿಂದಾಗಿ ಎಷ್ಟು ಒಪ್ಪಿದ್ದರು, ಎಲ್ಲಿ ಒಪ್ಪಲಿಲ್ಲ ಎಂಬುದು ಇಂದಿಗೂ ನಿಖರವಾಗಿ ತಿಳಿಯುತ್ತದೆ. ನಿಮ್ಮ ಕೂಟದ ಕೊನೆಯಲ್ಲಿಯೂ ಉಳಿದ ಪ್ರಶ್ನೆಯನ್ನು, ಇಬ್ಬರೂ ಒಪ್ಪುವ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ.

ಒಮ್ಮೆಗೆ ಒಂದೂವರೆ ಗಂಟೆಗಿಂತ ಹೆಚ್ಚು ಕೂರಬೇಡಿ, ಆರೇಳು ಜನರಿಗಿಂತ ಹೆಚ್ಚು ಸೇರಬೇಡಿ. ನಡೆಸುವವರು ಕೊನೆಯ ಹತ್ತು ನಿಮಿಷದವರೆಗೆ ತಮ್ಮ ಅಭಿಪ್ರಾಯವನ್ನು ಹೇಳಬಾರದು. ಕೇಳಿದರೆ ಮಾತ್ರ, ಇದು ನನ್ನ ಸಭೆಯ ಬೋಧನೆ ಎಂದು ಸ್ಪಷ್ಟಪಡಿಸಿ ಹೇಳಬೇಕು. ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳಬಹುದೇ ಎಂಬ ಪ್ರಶ್ನೆ ಇಷ್ಟರಲ್ಲಿಯೇ ಯಾರ ಬಾಯಿಂದಲಾದರೂ ಬಂದೇ ಬರುತ್ತದೆ, ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಎನ್ನುವ ಯೋಹಾನ 10:28 ಮತ್ತು ಬಿದ್ದುಹೋದವರನ್ನು ಮತ್ತೆ ತಿರುಗಿಸಲಾಗದು ಎನ್ನುವ ಇಬ್ರಿಯರಿಗೆ 6:4ರಿಂದ 6 ಎದುರುಬದುರಾಗಿ ನಿಲ್ಲುತ್ತವೆ. ಅದನ್ನು ಅದೇ ದಿನ ಎತ್ತಿಕೊಳ್ಳಬೇಡಿ. ಇಬ್ರಿಯ ಪತ್ರಿಕೆಯ ಆ ಭಾಗ 5ನೆಯ ಅಧ್ಯಾಯದ 11ನೆಯ ವಚನದಿಂದ ಆರಂಭವಾಗಿ 6ನೆಯ ಅಧ್ಯಾಯದ 12ರವರೆಗೆ ಹೋಗುತ್ತದೆ, ಅದಕ್ಕೆ ಹೊಸ ಹಾಳೆ ಬೇಕು, ಪೂರ್ತಿ ಎರಡು ಕೂಟಗಳಾದರೂ ಬೇಕು.